ಚಾಪೆಲ್‌ಗೆ ಬರಲಾಗದವರಿಗೆ ಈ ಚಳಿಗಾಲದ ಸುದ್ದಿ

ಈ ಬರಹ ಮುಖ್ಯವಾಗಿ ಈ ಚಳಿಗಾಲದಲ್ಲಿ ಚಾಪೆಲ್‌ಗೆ ಬರಲಾಗದವರಿಗಾಗಿ. ಮಂಡಿ ನೋವು, ದಮ್ಮು, ಆಪರೇಷನ್, ಹಾಸಿಗೆ ಹಿಡಿದವರ ಆರೈಕೆ, ದೂರದ ಊರಿನ ಕೆಲಸ, ಕಾರಣ ಏನೇ ಇರಲಿ. ಪ್ರತಿ ವಾರ ಬಂದವರಿಗೆ ಇದರಲ್ಲಿ ಅರ್ಧ ಗೊತ್ತೇ ಇದೆ. ಆದರೂ ಓದಿ. ಕೊನೆಯಲ್ಲಿ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ನಮ್ಮದು ಧರ್ಮಕೇಂದ್ರದ ದೊಡ್ಡ ಚರ್ಚ್ ಅಲ್ಲ, ಅದಕ್ಕೆ ಸೇರಿದ ಚಿಕ್ಕ ಚಾಪೆಲ್. ಫಾದರ್ ಒಬ್ಬರೇ, ಅವರು ನೋಡಿಕೊಳ್ಳಬೇಕಾದ ಚಾಪೆಲ್‌ಗಳು ಇನ್ನೂ ಇವೆ. ಬೆಂಚುಗಳೆಲ್ಲ ತುಂಬೋದು ಹಬ್ಬಕ್ಕೆ ಮಾತ್ರ. ಉಳಿದ ದಿನ ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಯಾರು ಬಂದಿಲ್ಲ ಅಂತ ಗೊತ್ತಾಗುತ್ತದೆ. ಈ ಸಲ ಆಗಮನ ಕಾಲದ (ಕ್ರಿಸ್ಮಸ್‌ಗೆ ಸಿದ್ಧವಾಗುವ ವಾರಗಳು) ಮೊದಲ ಭಾನುವಾರ, 2025ರ ನವೆಂಬರ್ 30ರಂದು, ಮುಂದಿನ ಸಾಲು ಪೂರ್ತಿ ಖಾಲಿ ಇತ್ತು. ಅಲ್ಲಿ ಕೂರುವವರೆಲ್ಲ ಎಪ್ಪತ್ತು ದಾಟಿದವರು. ಹೊರಗೆ ಎದುರಿನವರ ಮುಖ ಕಾಣದಷ್ಟು ಮಂಜು. ಅಂಥ ಹೊತ್ತಿನಲ್ಲಿ ಅವರು ಹೇಗೆ ಬರಬೇಕು ಹೇಳಿ?

ಆದ್ದರಿಂದ ಎರಡು ಬದಲಾವಣೆ ಆದವು. ಒಂದು, ಬೆಳಗ್ಗೆ ಏಳರ ಪೂಜೆ ಒಂಬತ್ತೂವರೆಗೆ ಹೋಯಿತು. ಬಿಸಿಲು ಬಂದ ಮೇಲೆ ಪೂಜೆ ಅಂದಾಗ ಕೆಲವರು ಮತ್ತೆ ಬರತೊಡಗಿದರು. ಇನ್ನೊಂದು ಬದಲಾವಣೆ ನನಗೆ ಈ ಚಳಿಗಾಲದ ಎಲ್ಲಕ್ಕಿಂತ ದೊಡ್ಡ ಸುದ್ದಿ. ಬರಲಾಗದವರ ಮನೆಗಳಿಗೆ ಈಗ ಪ್ರತಿ ಭಾನುವಾರ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವಾಗಿ ನಾವು ಸ್ವೀಕರಿಸುವ ರೊಟ್ಟಿ, ಹೋಗುತ್ತಿದೆ. ಮೊದಲು ತಿಂಗಳಿಗೊಮ್ಮೆ, ಮೊದಲ ಶುಕ್ರವಾರ, ಫಾದರ್ ಹೋಗಿ ಕೊಟ್ಟು ಬರುತ್ತಿದ್ದರು. ಅವರು ಎಷ್ಟು ಓಡಾಡಿದರೂ ಎಲ್ಲ ಮನೆ ಮುಟ್ಟುತ್ತಿರಲಿಲ್ಲ. ಈಗ ಧರ್ಮಾಧ್ಯಕ್ಷರ (ಬಿಷಪರ) ಅನುಮತಿ ಪಡೆದು ನಮ್ಮಲ್ಲೇ ಕೆಲವರನ್ನು ಈ ಸೇವೆಗೆ ನೇಮಿಸಿದ್ದಾರೆ. ನಾನೂ ಅವರಲ್ಲಿ ಒಬ್ಬಳು.

ಇದು ಹೇಗೆ ನಡೆಯುತ್ತದೆ ಅಂತ ಹಲವರು ಕೇಳಿದ್ದೀರಿ. ಪೂಜೆಯಲ್ಲಿ ಎಲ್ಲರೂ ಪರಮಪ್ರಸಾದ ಸ್ವೀಕರಿಸಿದ ಮೇಲೆ ಫಾದರ್ ನಮ್ಮನ್ನು ಪೀಠದ ಹತ್ತಿರ ಕರೆದು ಪಿಕ್ಸ್ ಕೊಡುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ, ದುಂಡನೆಯ ಲೋಹದ ಡಬ್ಬಿ ಅದು. ಅದನ್ನು ಬಟ್ಟೆಯ ಚೀಲದಲ್ಲಿಟ್ಟು ಕೊರಳಿಗೆ ಹಾಕಿಕೊಂಡು ನೇರವಾಗಿ ಆ ಮನೆಗೇ ಹೋಗಬೇಕು. ದಾರಿಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳುವ ಹಾಗಿಲ್ಲ. ಯಾರಾದರೂ ಮಾತಿಗೆ ಸಿಕ್ಕರೆ ಕೈ ಮುಗಿದು ಮುಂದೆ ಹೋಗುತ್ತೇನೆ. ಯೇಸುಸ್ವಾಮಿ ಜೊತೆಗಿರುವಾಗ ನಡಿಗೆಯೇ ಬೇರೆ ಆಗುತ್ತದೆ. ಹೆಜ್ಜೆ ತಾನಾಗಿ ನಿಧಾನವಾಗುತ್ತದೆ.

ನಾನು ಹೋಗುವ ಮನೆಗಳಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಹಿಂದೆ ನಮ್ಮ ಗಾಯನವೃಂದದಲ್ಲಿ ಹಾಡುತ್ತಿದ್ದವರು. ಈಗ ಹಾಸಿಗೆಯಿಂದ ಕುರ್ಚಿ, ಕುರ್ಚಿಯಿಂದ ಹಾಸಿಗೆ, ಅಷ್ಟೇ ಓಡಾಟ. ನಾನು ಹೋಗುವ ಹೊತ್ತಿಗೆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿರುತ್ತದೆ. ಅದನ್ನು ಇದೊಂದಕ್ಕೇ ಎತ್ತಿಟ್ಟಿದ್ದಾರೆ. ಇಸ್ತ್ರಿ ಮಾಡಿದ ಮಡಿಕೆಯ ಗೆರೆಗಳು ಬಟ್ಟೆಯ ಮೇಲೆ ಚೌಕ ಚೌಕವಾಗಿ ಕಾಣುತ್ತವೆ. ನಡುವೆ ಶಿಲುಬೆ, ಒಂದು ಪಕ್ಕ ಮೇಣದಬತ್ತಿ, ಇನ್ನೊಂದು ಪಕ್ಕ ಚಿಕ್ಕ ಲೋಟದಲ್ಲಿ ನೀರು. ಬತ್ತಿಯನ್ನು ಮಗಳು ಹಚ್ಚುವ ಹಾಗಿಲ್ಲ, ನಾನು ಹಚ್ಚುವ ಹಾಗಿಲ್ಲ, ಅಜ್ಜಿಯೇ ಹಚ್ಚಬೇಕು. ಬೆರಳು ನಡುಗುತ್ತದೆ. ಚಳಿಗೆ ಬೆಂಕಿಪೊಟ್ಟಣವೂ ಥಂಡಿ ಹಿಡಿದಿರುತ್ತದೆ. ಒಂದು ಕಡ್ಡಿ ಮುರಿಯುತ್ತದೆ, ಇನ್ನೊಂದು ಹತ್ತಿ ಆರುತ್ತದೆ. ನಾವಿಬ್ಬರೂ ಸುಮ್ನೆ ಕಾಯುತ್ತೇವೆ. ಹತ್ತಿಕೊಂಡ ಮೇಲೆ ಅವರು ಶಿಲುಬೆಯ ಗುರುತು ಹಾಕಿಕೊಂಡು ನನ್ನತ್ತ ನೋಡುತ್ತಾರೆ. ಆಗ ಪ್ರಾರ್ಥನೆ ಶುರು.

ಆ ವಿಧಿ ಚಿಕ್ಕದು. ಪಶ್ಚಾತ್ತಾಪದ ಪ್ರಾರ್ಥನೆ, ಶುಭಸಂದೇಶದಿಂದ (ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಭಾಗ) ಕೆಲವು ಸಾಲು, ಪರಲೋಕ ಪ್ರಾರ್ಥನೆ, ಆಮೇಲೆ ಪರಮಪ್ರಸಾದ. ನುಂಗಲು ಕಷ್ಟವಿದ್ದರೆ ಚೂರೇ ಚೂರು ಕೊಟ್ಟು ಮೇಲೆ ನೀರು ಕೊಡಬಹುದು. ಆ ಚೂರಿನಲ್ಲೂ ಪ್ರಭು ಪೂರ್ತಿಯಾಗಿಯೇ ಇದ್ದಾರೆ ಅನ್ನೋದು ನಮ್ಮ ವಿಶ್ವಾಸ. ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲು ಏನೂ ತಿನ್ನಬಾರದು ಅನ್ನುವ ನಿಯಮ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಇಲ್ಲ. ಧರ್ಮಸಭೆಯ ಕಾನೂನಿನಲ್ಲೇ ಇದು ಇದೆ. ಮಾತ್ರೆ ನುಂಗಿದೆ, ಗಂಜಿ ಕುಡಿದೆ ಅಂತ ಯಾರೂ ಹಿಂದೆ ಸರಿಯಬೇಡಿ. ಆರೈಕೆ ಮಾಡುವವರ ವಿಷಯ ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಇದೆ. ರಾತ್ರಿಯಿಡೀ ಎದ್ದು ಎದ್ದು ಅಮ್ಮನನ್ನು ನೋಡಿಕೊಂಡ ಮಗಳು, ಬೆಳಗ್ಗೆ ಪೂಜೆಗೆ ಹೋಗಲಾಗದ ಮಗಳು, ಬಾಗಿಲ ಪಕ್ಕ ನಿಂತು ನೋಡುತ್ತಿರುತ್ತಾಳೆ. ಅವಳಿಗೂ ಹಸಿವಿದೆ ಅಲ್ವಾ? ಮುಂಚೆಯೇ ತಿಳಿಸಿದರೆ ಅವಳಿಗೂ ಸೇರಿಸಿಯೇ ತರುತ್ತೇವೆ.

ಪ್ರಾರ್ಥನೆ ಮುಗಿದು ಸ್ವಲ್ಪ ಹೊತ್ತು ಮೌನ ಇರುತ್ತದೆ. ಅದಾದ ಮೇಲೆ ಅಜ್ಜಿಯ ಪ್ರಶ್ನೆಗಳು ಶುರುವಾಗುತ್ತವೆ. ಇವತ್ತು ವಾಚನ ಓದಿದ್ದು ಯಾರು? ಕೀರ್ತನೆ ಹಾಡಿದರಾ, ಓದಿ ಮುಗಿಸಿದರಾ? ಗುಲಾಬಿ ಬಣ್ಣದ ಬತ್ತಿ ಹಚ್ಚಿದರಾ? ನನ್ನ ಜಾಗದಲ್ಲಿ ಯಾರು ಕೂತಿದ್ದರು? ಇಂಥ ಪ್ರಶ್ನೆಗಳಿಗೆ ಒಂದೊಂದೇ ಮನೆಯಲ್ಲಿ ಉತ್ತರ ಕೊಡುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯೋಣ ಅನ್ನಿಸಿತು.

ಗುಲಾಬಿ ಬತ್ತಿ ಹಚ್ಚಿದೆವು. ಡಿಸೆಂಬರ್ 14, ಆಗಮನ ಕಾಲದ ಮೂರನೇ ಭಾನುವಾರ. ಆಗಮನ ಕಾಲದಲ್ಲಿ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಬತ್ತಿಗಳಲ್ಲಿ ಮೂರು ನೇರಳೆ, ಇದೊಂದೇ ಗುಲಾಬಿ. ಫಾದರ್ ಕೂಡ ಅಂದು ಗುಲಾಬಿ ಬಣ್ಣದ ಪೂಜಾವಸ್ತ್ರ ಹಾಕಿದ್ದರು. ಹಬ್ಬ ಹತ್ತಿರ ಬಂತು, ಸಂತೋಷಪಡಿ ಅನ್ನುವ ದಿನ ಅದು. ಆದರೆ ಅಂದಿನ ಶುಭಸಂದೇಶ ಸೆರೆಮನೆಯದು. ಈ ವರ್ಷ ಭಾನುವಾರಗಳಲ್ಲಿ ಹೆಚ್ಚಾಗಿ ಮತ್ತಾಯನ ಶುಭಸಂದೇಶ ಓದುತ್ತೇವೆ. ಅದರ 11ನೇ ಅಧ್ಯಾಯದಲ್ಲಿ ಯೇಸುವಿಗೆ ದಾರಿ ಸಿದ್ಧಪಡಿಸಿದ ಪ್ರವಾದಿ ಸ್ನಾನಿಕ ಯೊವಾನ್ನ ಸೆರೆಮನೆಯಿಂದ ಶಿಷ್ಯರನ್ನು ಕಳುಹಿಸಿ, ಬರಬೇಕಾದವರು ನೀವೇನಾ, ಇಲ್ಲ ಇನ್ನೊಬ್ಬರಿಗೆ ಕಾಯಬೇಕಾ ಅಂತ ಯೇಸುವನ್ನು ಕೇಳಿಸುತ್ತಾನೆ. ಹೊರಗೆ ಬರಲಾಗದವನೊಬ್ಬ ಬೇರೆಯವರ ಕಾಲಿನಿಂದ ನಡೆದು ಹೋಗಿ ಕೇಳಿದ ಪ್ರಶ್ನೆ. ಯೇಸು ಅವನನ್ನು ಬಯ್ಯಲಿಲ್ಲ. ನೀವು ಕಂಡದ್ದನ್ನು, ಕೇಳಿದ್ದನ್ನು ಹೋಗಿ ಅವನಿಗೆ ಹೇಳಿ ಅಂದರು. ಸುದ್ದಿ ಒಯ್ಯುವುದೂ ಸೇವೆಯೇ ಅಂತ ನಾನು ಅಂದು ಬೆಂಚಿನಲ್ಲಿ ಕೂತು ಯೋಚಿಸಿದೆ.

ಆಗಮನ ಕಾಲದ ಶುರುವಿನಲ್ಲಿ ಇನ್ನೊಂದು ವಿಶೇಷ ಇತ್ತು. 325ರಲ್ಲಿ ನಿಸೇಯದಲ್ಲಿ ಧರ್ಮಾಧ್ಯಕ್ಷರ ಮಹಾಸಭೆ ಸೇರಿ 2025ಕ್ಕೆ 1700 ವರ್ಷ. ಜಗದ್ಗುರು (ಪೋಪ್) ಹದಿನಾಲ್ಕನೇ ಲಿಯೋ ನವೆಂಬರ್ 28ರಂದು ಅದೇ ಜಾಗಕ್ಕೆ, ಈಗಿನ ಟರ್ಕಿಯ ಇಜ್ನಿಕ್‌ಗೆ ಹೋಗಿ, ಬೇರೆ ಧರ್ಮಸಭೆಗಳ ಹಿರಿಯರ ಜೊತೆ ನಿಂತು ಪ್ರಾರ್ಥಿಸಿದರು. ನಮ್ಮಲ್ಲಿ ಸಾಮಾನ್ಯವಾಗಿ ಚಿಕ್ಕ ವಿಶ್ವಾಸ ಪ್ರಮಾಣವನ್ನೇ (ನಾವು ನಂಬುವುದನ್ನು ಸಾರುವ ಪ್ರಾರ್ಥನೆ) ಹೇಳುವುದು. ಅದಾದ ಮರು ಭಾನುವಾರ, ಆ ಸಭೆಯ ನೆನಪಿಗೆ, ಅಲ್ಲಿಂದ ಬೆಳೆದು ಬಂದ ಉದ್ದನೆಯದನ್ನು ಹೇಳಿದೆವು. ಪುಸ್ತಕ ನೋಡಿಕೊಂಡರೂ ನಮ್ಮ ದನಿಗಳು ಅಲ್ಲಲ್ಲಿ ಹಿಂದುಮುಂದಾದವು. ಅದೇ ದಿನ ಹೋದ ಒಂದು ಮನೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ಕಣ್ಣು ಮುಚ್ಚಿಕೊಂಡು ಅದನ್ನು ಶುರುವಿನಿಂದ ಕೊನೆಯವರೆಗೆ, ಒಂದು ಪದ ತಪ್ಪದೆ ಹೇಳಿದರು. ಕಣ್ಣಿನ ಪೊರೆಯಿಂದ ಅವರಿಗೆ ಓದಲು ಆಗೋದಿಲ್ಲ. ಮುಂದಿನ ವರ್ಷ ಮಕ್ಕಳಿಗೆ ಇದನ್ನು ಕಲಿಸಲು ಅವರ ಮನೆಗೇ ಕಳುಹಿಸಬೇಕು ಅಂತ ಸಿಸ್ಟರ್ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಡಿಸೆಂಬರ್ 21ರಂದು ಫಾದರ್‌ಗೆ ಜ್ವರ ಬಂದು ಪೂಜೆ ಇರಲಿಲ್ಲ. ಹಾಗಂತ ಬಾಗಿಲು ಮುಚ್ಚಲಿಲ್ಲ. ಗುರುಗಳು ಇಲ್ಲದ ಭಾನುವಾರ ಜನ ಹೇಗೆ ಪ್ರಾರ್ಥಿಸಬೇಕು ಅಂತ ರೋಮ್ 1988ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರಂತೆ ಅಂದಿನ ವಾಚನಗಳನ್ನು ಓದಿದೆವು, ಕೀರ್ತನೆ ಹಾಡಿದೆವು, ಫಾದರ್ ಬರೆದು ಕಳುಹಿಸಿದ ಪ್ರಬೋಧನೆಯನ್ನು ಒಬ್ಬರು ಓದಿದರು, ಹಿಂದಿನ ಪೂಜೆಯಲ್ಲಿ ಉಳಿಸಿಟ್ಟಿದ್ದ ಪರಮಪ್ರಸಾದ ಹಂಚಿದೆವು. ಅದು ಬಲಿಪೂಜೆ ಅಲ್ಲ, ಅದರ ಬದಲಿಯೂ ಅಲ್ಲ. ಪೀಠದ ಮುಂದೆ ಗುರುಗಳ ಜಾಗ ಖಾಲಿ ಇದ್ದದ್ದು ಮನಸ್ಸಿಗೆ ಚುಚ್ಚಿತು. ಗುರುಗಳಾಗುವ ಕರೆ ನಮ್ಮ ಮನೆಯ ಮಕ್ಕಳಿಗೂ ಬರಲಿ ಅಂತ ಅಂದು ಪ್ರಾರ್ಥಿಸಿದ್ದು ಬಾಯಿಮಾತಿಗಲ್ಲ.

ಕ್ರಿಸ್ಮಸ್ ರಾತ್ರಿಯ ಪೂಜೆ ಈ ಸಲ ಹನ್ನೆರಡಕ್ಕೆ ಬದಲು ಏಳಕ್ಕೆ ಆಯಿತು. ಬೇಜಾರಾದವರು ಇದ್ದಾರೆ, ನನಗೂ ಚಿಕ್ಕಂದಿನಿಂದ ನಡುರಾತ್ರಿಯದೇ ಅಭ್ಯಾಸ. ಆದರೆ ಪೂಜಾಗ್ರಂಥದಲ್ಲಿ ಕ್ರಿಸ್ಮಸ್‌ಗೆ ನಾಲ್ಕು ಪೂಜೆ ಇವೆ: ಹಿಂದಿನ ಸಂಜೆಯದು, ರಾತ್ರಿಯದು, ಬೆಳಗಿನ ಜಾವದ್ದು, ಹಗಲಿನದು. ರಾತ್ರಿಯದು ಸರಿಯಾಗಿ ಹನ್ನೆರಡಕ್ಕೇ ಆಗಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ವೇಳೆ ಬದಲಾಯಿಸಿದ್ದಕ್ಕೆ ಮುಂದಿನ ಸಾಲು ಆ ರಾತ್ರಿ ತುಂಬಿತ್ತು. ಒಬ್ಬರನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದರು ನಮ್ಮ ಹುಡುಗರು. ಮಹಿಮಾಗೀತೆಗೆ ಗಂಟೆ ಬಾರಿಸಿದಾಗ ಆ ಸಾಲಿನ ಮುಖಗಳನ್ನು ನೋಡಿದ್ದರೆ ನೀವೂ ನಡುರಾತ್ರಿಯ ಆಸೆ ಬಿಡುತ್ತಿದ್ದಿರಿ. ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಹುಡುಗರು ಪೀಠದ ಎಡಕ್ಕೆ, ಮಂಡಿ ಎತ್ತರದಲ್ಲಿ ಕಟ್ಟಿದ್ದರು. ಮಕ್ಕಳಿಗೂ ಕುರ್ಚಿಯಲ್ಲಿ ಕೂತವರಿಗೂ ನೇರ ಕಾಣುವ ಎತ್ತರ.

ಹಬ್ಬದ ನಂತರದ ಸುದ್ದಿ ಚುಟುಕಾಗಿ. ಡಿಸೆಂಬರ್ 28, ಪವಿತ್ರ ಕುಟುಂಬದ ಹಬ್ಬ. ಅಂದೇ ಎಲ್ಲ ಧರ್ಮಕ್ಷೇತ್ರಗಳಲ್ಲಿ (ಒಬ್ಬೊಬ್ಬ ಬಿಷಪರ ಆಡಳಿತದ ಪ್ರದೇಶ) ಜೂಬಿಲಿ ವರ್ಷ, ಅಂದರೆ ಧರ್ಮಸಭೆಯ ವಿಶೇಷ ಕೃಪೆಯ ವರ್ಷ, ಮುಗಿಯಿತು. 2024ರ ಡಿಸೆಂಬರ್ 24ರಂದು ಜಗದ್ಗುರು ಫ್ರಾನ್ಸಿಸ್ ತೆರೆದಿದ್ದ ಸಂತ ಪೇತ್ರರ ಮಹಾದೇವಾಲಯದ ಪವಿತ್ರ ಬಾಗಿಲನ್ನು (ಜೂಬಿಲಿ ವರ್ಷದಲ್ಲಿ ಮಾತ್ರ ತೆರೆಯುವುದು) ಜಗದ್ಗುರು ಲಿಯೋ 2026ರ ಜನವರಿ 6ರಂದು ಮುಚ್ಚಿದರು. ತೆರೆದವರು 2025ರ ಏಪ್ರಿಲ್ 21ರಂದು ನಮ್ಮನ್ನು ಬಿಟ್ಟು ಹೋದರು. ಆ ಬಾಗಿಲು ಮುಚ್ಚುವುದನ್ನು ಫೋನಿನಲ್ಲಿ ನೋಡಿ ಅತ್ತವರು ನಮ್ಮಲ್ಲಿ ಬಹಳ ಜನ. ರೋಮ್‌ಗಾಗಲಿ ಬೇರೆ ಯಾತ್ರಾಸ್ಥಳಕ್ಕಾಗಲಿ ಹೋಗಲಾಗದ ಹಿರಿಯರು, ರೋಗಿಗಳು ತಮ್ಮ ಮನೆಯಲ್ಲೇ ಪ್ರಾರ್ಥಿಸಿ, ತಮ್ಮ ನೋವನ್ನೇ ಒಪ್ಪಿಸಿ, ಆ ವರ್ಷದ ದಂಡವಿಮೋಚನೆ (ಕ್ಷಮೆಯಾದ ಪಾಪಗಳಿಗೆ ಉಳಿದಿರುವ ಶಿಕ್ಷೆಯ ಮನ್ನಾ) ಪಡೆಯಬಹುದಿತ್ತು. ಅದನ್ನು ನಮ್ಮಲ್ಲಿ ಹಲವರು ಪಡೆದರು.

ಜನವರಿಯಲ್ಲಿ ಶುರುವಾದ ಇನ್ನೊಂದು ಒಳ್ಳೆಯ ಕೆಲಸ ಸಂಜೆಯ ಜಪಸರ. ಏಳೂವರೆಗೆ ಎಲ್ಲರೂ ಒಂದೇ ಫೋನ್ ಕರೆಯಲ್ಲಿ ಸೇರುತ್ತೇವೆ. ನಡೆಸುವವರು ಮನೆಯಲ್ಲೇ ಇರುವ ಹಿರಿಯರು, ದಿನಕ್ಕೊಬ್ಬರು. ನಾವು ಉಳಿದವರು ಹಿಂದೆ ಹೇಳುತ್ತೇವೆ. ಪರೀಕ್ಷೆ, ಕೆಲಸ, ಹೆರಿಗೆ, ಸಾಲ, ಯಾವ ಕೋರಿಕೆ ಇದ್ದರೂ ಅವರ ಹತ್ತಿರ ಹೇಳಿ. ಅವರು ಮರೆಯೋದಿಲ್ಲ. ಹೋದ ತಿಂಗಳು ಹೇಳಿದ್ದನ್ನು ಹೆಸರು ಹಿಡಿದು ಕೇಳುತ್ತಾರೆ, ಏನಾಯಿತು ಅಂತ.

ಫೋನಿನಲ್ಲಿ ಪೂಜೆಯ ನೇರಪ್ರಸಾರವೂ ಸಿಗುತ್ತದಲ್ಲ, ಅವರಿಗೆ ಅಷ್ಟು ಸಾಲದಾ ಅಂತ ಒಬ್ಬರು ಕೇಳಿದ್ದರು. ಸಾಲದು. ನೇರಪ್ರಸಾರ ಒಳ್ಳೆಯದೇ, ನಮ್ಮ ಹಿರಿಯರು ಅದಕ್ಕೆ ದೇವರಿಗೆ ಕೃತಜ್ಞತೆ ಹೇಳುತ್ತಾರೆ. ಆದರೆ ಪರದೆಯ ಮೇಲೆ ಕಾಣುವ ಪರಮಪ್ರಸಾದ ನಾಲಿಗೆಗೆ ಬರುವುದಿಲ್ಲ. ನಿಮ್ಮ ಜಾಗ ಹಾಗೇ ಇದೆ ಅಂತ ಕೈ ಹಿಡಿದು ಹೇಳುವವರೂ ಪರದೆಯಲ್ಲಿ ಇರುವುದಿಲ್ಲ.

ಫೆಬ್ರವರಿ 2, ಸೋಮವಾರ ಸಂಜೆ, ಪ್ರಭುವನ್ನು ದೇವಾಲಯದಲ್ಲಿ ಕಾಣಿಕೆಯಾಗಿ ಒಪ್ಪಿಸಿದ ಹಬ್ಬ. ಕ್ರಿಸ್ಮಸ್ ಆಗಿ 40ನೇ ದಿನ. ನನಗೆ ಇಡೀ ಚಳಿಗಾಲದಲ್ಲಿ ಇದೇ ಅತ್ಯಂತ ಪ್ರಿಯವಾದ ಹಬ್ಬ. ಹೊರಗೆ ಅಂಗಳದಲ್ಲಿ ಸೇರಿ, ಬತ್ತಿ ಹಚ್ಚಿಕೊಂಡು, ಫಾದರ್ ಆಶೀರ್ವದಿಸಿದ ಮೇಲೆ ಮೆರವಣಿಗೆಯಲ್ಲಿ ಒಳಗೆ ಹೋದೆವು. ಗಾಳಿ ಜೋರಿತ್ತು. ಒಬ್ಬರ ಬತ್ತಿ ಆರಿದರೆ ಪಕ್ಕದವರು ಹಚ್ಚಿಕೊಡುತ್ತಿದ್ದರು. ಲೂಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿ ಮಗು ಯೇಸುವನ್ನು ಗುರುತಿಸಿದವರು ಯಾರು ನೋಡಿ. ಯಾಜಕರಲ್ಲ, ಪಂಡಿತರಲ್ಲ. ಸಾವಿಗೆ ಮುಂಚೆ ರಕ್ಷಕನನ್ನು ಕಾಣಲು ಕಾಯುತ್ತಿದ್ದ ಸಿಮೆಯೋನ, ಮತ್ತು ಮದುವೆಯಾದ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, 84 ವರ್ಷದವರೆಗೂ ದೇವಾಲಯ ಬಿಟ್ಟು ಕದಲದೆ ಪ್ರಾರ್ಥಿಸುತ್ತಿದ್ದ ಅನ್ನ. ಸ್ನಾನಿಕ ಯೊವಾನ್ನನ ತಂದೆತಾಯಿ ಜಕರೀಯ, ಎಲಿಜಬೇತರೂ ಮುಪ್ಪಿನವರೇ. ಯೇಸುವಿನ ಜನನದ ಕಥೆಯಲ್ಲಿ ವಯಸ್ಸಾದವರು ಇಷ್ಟು ಜನ ಇರುವಾಗ, ನಮ್ಮ ಚಳಿಗಾಲದ ಹಬ್ಬಗಳು ಅವರಿಲ್ಲದೆ ನಡೆಯುವುದು ಸರಿಯಲ್ಲ. ನಾನು ಈ ಮಾತನ್ನು ನಮ್ಮ ಚಾಪೆಲ್ ಸಭೆಯಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಅಂದು ಆಶೀರ್ವದಿಸಿದ ಬತ್ತಿಗಳನ್ನು ಮರುದಿನವೇ ಎಲ್ಲ ಮನೆಗಳಿಗೆ ಮುಟ್ಟಿಸಿದೆವು.

ಆ ಮರುದಿನ, 3ರಂದು, ಸಂತ ಬ್ಲೇಸಿಯುಸರ ನೆನಪು. ಅರ್ಮೇನಿಯದ ಸೆಬಾಸ್ತೆಯಲ್ಲಿ ಧರ್ಮಾಧ್ಯಕ್ಷರಾಗಿದ್ದವರು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡ ಹುಡುಗನನ್ನು ಪ್ರಾರ್ಥಿಸಿ ಉಳಿಸಿದರು ಅನ್ನುವ ಕಥೆ ಅವರದು. ಎರಡು ಬತ್ತಿಯನ್ನು ಕೆಂಪು ರಿಬ್ಬನ್ನಿನಿಂದ ಕತ್ತರಿಯಾಕಾರದಲ್ಲಿ ಕಟ್ಟಿ, ಒಬ್ಬೊಬ್ಬರ ಗಂಟಲಿಗೆ ಹಿಡಿದು ಫಾದರ್ ಆಶೀರ್ವದಿಸಿದರು. ಮಕ್ಕಳು ಗದ್ದ ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದವು. ಚಳಿಗೆ ದನಿ ಕಟ್ಟಿದ್ದ ನಮ್ಮ ಗಾಯನವೃಂದದ ಅಕ್ಕ ಸಾಲಿನಲ್ಲಿ ಮೊದಲು ನಿಂತಿದ್ದರು. ಈಗ ಹಾಡುತ್ತಿದ್ದಾರೆ.

ಫೆಬ್ರವರಿ 11 ಲೂರ್ದು ಮಾತೆಯ ದಿನ. 1858ರಲ್ಲಿ ಫ್ರಾನ್ಸಿನ ಲೂರ್ದಿನಲ್ಲಿ ಬರ್ನದೆತ್ ಎಂಬ ಬಡ ಹುಡುಗಿಗೆ, ಅದೂ ದಮ್ಮಿನ ಕಾಯಿಲೆಯಿದ್ದ ಹುಡುಗಿಗೆ, ಮಾತೆ ಮರಿಯ ಮೊದಲು ದರ್ಶನ ಕೊಟ್ಟ ದಿನ. ಜಗದ್ಗುರು ಎರಡನೇ ಜಾನ್ ಪಾಲ್ ಇದನ್ನು ವಿಶ್ವ ರೋಗಿಗಳ ದಿನ ಅಂತ ಘೋಷಿಸಿದರು, 1993ರಿಂದ ಆಚರಣೆ ನಡೆಯುತ್ತಿದೆ. ಅಂದು ಫಾದರ್ ಪೂಜೆಯಲ್ಲಿ ರೋಗಿಗಳಿಗೆ ಪವಿತ್ರ ತೈಲ ಹಚ್ಚಿದರು, ಹಣೆಗೆ ಒಂದು ಸಲ, ಎರಡು ಅಂಗೈಗೆ ಒಂದೊಂದು ಸಲ. ಮಧ್ಯಾಹ್ನದಿಂದ ರಾತ್ರಿಯವರೆಗೆ ಮನೆಮನೆಗೆ ಹೋದರು. ಕೆಲವು ಮನೆಗಳಲ್ಲಿ ತೈಲ ಅಂದ ಕೂಡಲೇ ಹೆದರಿಕೆ. ಇನ್ನೇನು ಕೊನೆ ಬಂತು ಅಂದುಕೊಳ್ಳುತ್ತಾರೆ, ರೋಗಿಗೆ ಗೊತ್ತಾಗಬಾರದು ಅಂತ ಫಾದರ್‌ನ ಬರಲೇ ಬಿಡುವುದಿಲ್ಲ. ಈ ಹೆದರಿಕೆ ಬೇಡ. ಸಾಯುವ ಗಳಿಗೆಯಲ್ಲಿ ಇರುವವರಿಗೆ ಮಾತ್ರ ಈ ಸಂಸ್ಕಾರ ಅಲ್ಲ ಅಂತ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿದೆ. ಗಂಭೀರ ಕಾಯಿಲೆ ಇದ್ದರೆ, ದೊಡ್ಡ ಆಪರೇಷನ್‌ಗೆ ಹೋಗುವ ಮುಂಚೆ, ವಯಸ್ಸಿನಿಂದ ತುಂಬ ನಿತ್ರಾಣವಾದಾಗ ಕೇಳಿ ಪಡೆಯಬಹುದು. ಕಾಯಿಲೆ ಜಾಸ್ತಿಯಾದರೆ ಮತ್ತೊಮ್ಮೆ ಪಡೆಯಬಹುದು. ಪರಮಪ್ರಸಾದ ನಾವೂ ತರಬಹುದು, ಆದರೆ ಈ ತೈಲವನ್ನು ಗುರುಗಳೇ ಹಚ್ಚಬೇಕು. ದಯವಿಟ್ಟು ಕೊನೇ ಗಳಿಗೆವರೆಗೆ ಕಾಯಬೇಡಿ. ರೋಗಿಗೆ ಪ್ರಜ್ಞೆ ಇರುವಾಗ, ತಾನೇ ಆಮೆನ್ ಅನ್ನಲು ಆಗುವಾಗ ಕರೆಯಿರಿ.

ಇನ್ನು ಮುಂದಿನದು. 2026ರ ಫೆಬ್ರವರಿ 18 ಬೂದಿ ಬುಧವಾರ, ತಪಸ್ಸು ಕಾಲ (ಈಸ್ಟರ್‌ಗೆ ಸಿದ್ಧವಾಗುವ ವಾರಗಳು) ಶುರು. ಪೂಜೆ ಬೆಳಗ್ಗೆ ಒಂಬತ್ತೂವರೆಗೆ, ಸಂಜೆ ಆರಕ್ಕೆ. ಹೋದ ವರ್ಷದ ಗರಿಗಳ ಭಾನುವಾರದ ಗರಿಗಳು ನಿಮ್ಮ ಮನೆಯ ಶಿಲುಬೆಯ ಹಿಂದೆ ಇದ್ದರೆ ಭಾನುವಾರ 15ರೊಳಗೆ ತಂದುಕೊಡಿ, ಅವನ್ನು ಸುಟ್ಟೇ ಬೂದಿ ಮಾಡುವುದು. ಬರಲಾಗದವರ ಗರಿಗಳನ್ನು ನಾವೇ ಬಂದು ತೆಗೆದುಕೊಂಡು ಹೋಗುತ್ತೇವೆ. ಫಾದರ್ ಆಶೀರ್ವದಿಸಿದ ಬೂದಿಯನ್ನು ಅಂದು ಮಧ್ಯಾಹ್ನ ಮನೆಗಳಿಗೂ ತರುತ್ತೇವೆ. ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ ಮಾತ್ರ. ಸಕ್ಕರೆ ಕಾಯಿಲೆಯವರು, ಮಾತ್ರೆ ತೆಗೆದುಕೊಳ್ಳುವವರು ಹಟ ಹಿಡಿದು ಉಪವಾಸ ಮಾಡಬೇಡಿ. ಕಳೆದ ವರ್ಷ ಇದೇ ವಿಷಯಕ್ಕೆ ಒಂದು ಮನೆಯಲ್ಲಿ ಅಮ್ಮ ಮಕ್ಕಳ ನಡುವೆ ದೊಡ್ಡ ವಾದವೇ ಆಗಿತ್ತು.

ನಿಮ್ಮಿಂದ ಆಗಬೇಕಾದ ಕೆಲಸ ಇದು. ನಿಮ್ಮ ಬೀದಿಯಲ್ಲಿ, ನಿಮ್ಮ ಕಟ್ಟಡದಲ್ಲಿ, ಹಿಂದೆ ನಮ್ಮ ಜೊತೆ ಪೂಜೆಗೆ ಬರುತ್ತಿದ್ದು ಈಗ ಕಾಣದವರು ಯಾರಾದರೂ ಇದ್ದಾರಾ ನೋಡಿ. ಅವರು ಮುಜುಗರದಿಂದ ಕೇಳದೆ ಇರಬಹುದು. ಹೋಗಿ ಮಾತಾಡಿಸಿ, ಬೇಕು ಅಂದರೆ ಅವರ ಒಪ್ಪಿಗೆ ಪಡೆದು ಪೂಜೆಯ ನಂತರ ನನಗೋ ಫಾದರ್‌ಗೋ ಹೇಳಿ. ಈ ಸೇವೆಗೆ ಇನ್ನೂ ಕೆಲವರು ಬೇಕಾಗಿದ್ದಾರೆ. ತರಬೇತಿ ತಪಸ್ಸು ಕಾಲದ ಮೊದಲ ಶನಿವಾರ ಸಂಜೆ, ಚಾಪೆಲ್‌ನಲ್ಲೇ.